ಹಲಸಿನಜ್ಜಿ ಒಪ್ಪಿದ ಗರಗಸ

ಏಳು ಕೆರೆ ನೀರು ಒಂದೇ ಹೊಳೆಗೆ ಬೀಳುವ ಕಡೆ ಒಂದು ಊರಿತ್ತಂತೆ. ಊರಿಗೊಬ್ಬ ದೊರೆ, ದೊರೆಗೊಂದು ಅರಮನೆ, ಅರಮನೆಗೊಬ್ಬ ಮರಗೆಲಸದ ಆಚಾರಿ. ಆಚಾರಿಯ ಹೆಸರು ಕೆಂಚಾಚಾರಿ. ಕೈ ಒಳ್ಳೇದು, ಗುಣ ಒಳ್ಳೇದು, ಆತುರ ಮಾತ್ರ ಹೇಳತೀರದು. ಅನ್ನ ಬೇಯೋ ಮೊದಲೇ ಎಲೆ ಹಾಕ್ಕೊಂಡು ಕೂರೋ ಆಸಾಮಿ. ಅವನ ಹೆಂಡತಿ ದೇವೀರಮ್ಮ, "ನಿಮ್ಮವ್ವ ನಿಮ್ಮನ್ನ ಓಡ್ತಾ ಓಡ್ತಾ ಹೆತ್ತಳೋ ಏನೋ" ಅಂತ ಆಡಿಕೊಳ್ಳೋಳಂತೆ.

ಈ ಕೆಂಚಾಚಾರಿ ಹತ್ತಿರ ಒಂದು ದೊಡ್ಡ ಗರಗಸ ಇತ್ತು. ಅದರ ಹಲ್ಲು ಒಂದೊಂದೂ ಹುಣಸೆಬೀಜದಷ್ಟು. ಉದ್ದಕ್ಕೆ ಕೊಯ್ಯೋಕೂ ಅದೇ, ಅಡ್ಡ ಕೊಯ್ಯೋಕೂ ಅದೇ. ಮನೇಲಿ ಬೇರೆ ಗರಗಸ ಇರಲಿಲ್ಲ ಅಂತಲ್ಲ. ಅಟ್ಟದ ಮೇಲೆ ಅಪ್ಪನ ಕಾಲದವು ಒಂದು ಕಂತೆ ಇದ್ದವು. ಇಳಿಸೋಕೆ ಪುರುಸೊತ್ತು ಯಾರಿಗಿದೆ? ಮರದ ಅಂಚು ಕಿತ್ತು ಬಂದರೆ ಹತ್ತರಿಯಲ್ಲಿ ಹೆರೆದು ನಯ ಮಾಡಿದರಾಯ್ತು ಅನ್ನೋನು. ಹೊಡೀತಿದ್ದ, ಹೇಗೋ ನಡೀತಿತ್ತು.

ಹೀಗಿರುವಾಗ ದೊರೆಯ ಸೊಸೆ ಹೊನ್ನಾಜಿ ಬಸುರಾದಳಂತೆ. ಆ ಸೀಮೆಯಲ್ಲಿ ಒಂದು ಪದ್ಧತಿ. ಹೆಣ್ಣುಮಗು ಹುಟ್ಟಿದ ದಿನ ತವರಿನ ಹಿತ್ತಲಲ್ಲಿ ಒಂದು ಹಲಸಿನ ಸಸಿ ನೆಡೋರು. ಅವಳು ಬೆಳೆದು, ಮದುವೆಯಾಗಿ, ಬಸುರಾದಾಗ ಆ ಮರ ಕಡಿದು, ಅದರಲ್ಲೇ ಚೊಚ್ಚಲ ಮಗುವಿಗೆ ತೊಟ್ಟಿಲು ಮಾಡಬೇಕು. ಬೇರೆ ಮರದ ಒಂದು ಚಕ್ಕೆಯೂ ಅದಕ್ಕೆ ಸೇರಬಾರದು.

ಸರಿ, ಮರ ಕಡಿಯೋಕೆ ಹೊನ್ನಾಜಿಯ ತವರಿಗೆ ಇಬ್ಬರು ಹೋದರು. ಕೆಂಚಾಚಾರಿ ಒಬ್ಬ, ಕೊಡಲಿಯ ಬೋರ ಒಬ್ಬ. ಮರ ಕಡಿಯೋಕೂ ಒಂದು ಕ್ರಮ ಇತ್ತು, ಕೇಳಿ. ಬುಡದಲ್ಲಿ ಎಲೆ ಅಡಿಕೆ ಇಟ್ಟು, ಕೊಡಲಿಯ ಹಿಂಬದಿಯಿಂದ ಮರಾನ ಮೆಲ್ಲಗೆ ತಟ್ಟಿ, "ಒಳಗೆ ಇರೋರು ಎದ್ದು ಹೋಗಿ, ಇನ್ನೊಂದು ಮರ ನೋಡ್ಕೊಳ್ಳಿ" ಅನ್ನಬೇಕು. ಅಂದಮೇಲೇ ಏಟು ಹಾಕಬೇಕು. ಬೋರ ಏನಂದುಕೊಂಡ? ಅರಮನೆ ಆಚಾರಿ ಪಕ್ಕದಲ್ಲೇ ನಿಂತಿರುವಾಗ ನಾನ್ಯಾಕೆ ಮುಂದೆ ಬಿದ್ದು ಹೇಳಲಿ, ಅವರೇ ಹೇಳಲಿ ಅಂದುಕೊಂಡ. ಕೆಂಚಾಚಾರಿ ಏನಂದುಕೊಂಡ? ಕೊಡಲಿ ಹಿಡಿದೋನು ಅವನು, ಅವನೇ ಹೇಳಲಿ ಅಂದುಕೊಂಡ. ಇವನು ಅವನ ಮುಖ ನೋಡಿದ, ಅವನು ಇವನ ಮುಖ ನೋಡಿದ. ಕೆಂಚಾಚಾರಿಗೆ ತಡೆಯಲಿಲ್ಲ. "ಹೂಂ, ಹಾಕು" ಅಂದ. ಬೋರ ಹಾಕಿಯೇ ಬಿಟ್ಟನಂತೆ.

ಮರ ಉರುಳಿತು. ಗರಗಸದಲ್ಲಿ ಉದ್ದಕ್ಕೆ ಸೀಳಿದರೆ ಸಿಕ್ಕಿದ್ದು ಐದೇ ಹಲಗೆ. ಎಳೇ ಮರ, ಇನ್ನೆಷ್ಟು ಸಿಕ್ಕೀತು? ತಲೆಕಡೆಗೊಂದು, ಕಾಲುಕಡೆಗೊಂದು, ಎರಡು ಮಗ್ಗುಲಿಗೆ ಎರಡು, ತಳಕ್ಕೊಂದು. ಉದ್ದ ಮಾತ್ರ ಬೇಕಾದ್ದಕ್ಕಿಂತ ನಾಲ್ಕು ಬೆರಳು ಹೆಚ್ಚು ಇತ್ತು. ಹಲಗೆಗಳನ್ನ ನೆರಳಲ್ಲಿ ಒಣಗೋಕಿಟ್ಟ. ಹೆರಿಗೆಗೆ ಇನ್ನೂ ದಿನ ಇದೆ, ನಿಧಾನಕ್ಕೆ ಮಾಡಿದರಾಯ್ತು ಅಂದನಂತೆ. ಜನ್ಮದಲ್ಲಿ ಒಂದೇ ಸಲ ನಿಧಾನ ಅಂದಿದ್ದು, ಅದೂ ಅನ್ನಬಾರದ ಕಡೆ ಅಂದ.

ಯಾಕೆ ಅಂದರೆ, ಮಗು ತಿಂಗಳು ಮುಂಚೆಯೇ ಹುಟ್ಟಿಬಿಟ್ಟಿತು. ಇಷ್ಟೇ ಇಷ್ಟು ಗಂಡು ಕೂಸು, ಅಂಗೈಯಗಲ. ಹೊಸ ತೊಟ್ಟಿಲು ಇಲ್ಲ. ಅರಮನೆಯ ಉಗ್ರಾಣದಿಂದ ಯಾವುದೋ ಹಳೇ ತೊಟ್ಟಿಲು ತಂದು ಮಲಗಿಸಿದರು. ಅದರ ಅಂಚಲ್ಲಿ ಒಂದು ಸಿಬಿರು ಎದ್ದು ನಿಂತಿತ್ತಂತೆ. ಕೂಸು ಕೈ ಆಡಿಸಿತು, ಸಿಬಿರು ಚುಚ್ಚಿತು, ಎಳ್ಳುಕಾಳಿನಷ್ಟು ರಕ್ತ ಬಂತು. ಅವತ್ತಿಂದ ಮಗು ತೊಟ್ಟಿಲಿಗೆ ಹಾಕಿದರೆ ಕಿಟಾರ್ ಅಂತ ಕಿರುಚುತ್ತೆ, ಮೊರದಲ್ಲಿ ಮಲಗಿಸಿದರೆ ಅದಕ್ಕಿಂತ ಜೋರು ಕಿರುಚುತ್ತೆ. ಹೊನ್ನಾಜಿಗೆ ನಿದ್ದೆ ಇಲ್ಲ, ಅತ್ತೆಗೆ ನಿದ್ದೆ ಇಲ್ಲ, ಬಾಗಿಲು ಕಾಯೋನಿಗೆ ನಿದ್ದೆ ಇಲ್ಲ. ದೊರೆಗಂತೂ ಕಣ್ಣು ಕೆಂಡ. ನಿದ್ದೆಗೆಟ್ಟ ದೊರೆಗಿಂತ ಕೆಟ್ಟ ದೊರೆ ಇನ್ನೊಬ್ಬ ಇರಲ್ಲ ಬಿಡಿ.

ಕೆಂಚಾಚಾರಿಯನ್ನ ಕರೆಸಿದನಂತೆ. "ಆಚಾರಿ, ತೊಟ್ಲು ಎಲ್ಲಿ?"

"ಮಾಡ್ತಾ ಇವ್ನಿ ಬುದ್ಧಿ."

"ಬರೋ ಊರಹಬ್ಬದೊಳಗೆ ತೊಟ್ಲು ಬರಬೇಕು. ಒಂದೇ ಒಂದು ಸಿಬಿರು ಇದ್ರೂ ನೀನೂ ನಿನ್ನ ಹೆಂಡ್ತೀನೂ ಹೊಳೆ ದಾಟಿ ಆಚೆ ಹೋಗಬೇಕು. ಉಳಿ, ಬಾಚಿ, ಗರಗಸ, ಎಲ್ಲ ಇಲ್ಲೇ ಬಿಟ್ಟು ಹೋಗಬೇಕು. ತಿಳೀತಾ?"

ತಿಳಿಯದೆ ಏನು? ಉಳಿ ಬಾಚಿ ಇಲ್ಲದ ಆಚಾರಿ ಹೊಳೆಯಾಚೆ ಹೋಗಿ ಮಾಡೋದೇನು, ತಿನ್ನೋದೇನು? ಆ ಬಾಚಿ ಬೇರೆ ಅಪ್ಪನ ಕೈಯಿಂದ ಬಂದಿದ್ದು.

ಮನೆಗೆ ಬಂದವನೇ ತಲೆಕಡೆಯ ಹಲಗೆ ಎಳೆದುಕೊಂಡ, ಅಡ್ಡಕ್ಕೆ ಗೆರೆ ಹಾಕಿದ, ಹಲಗೆಯ ಮೇಲೆ ಕಾಲೊತ್ತಿ ದೊಡ್ಡ ಗರಗಸ ಇಟ್ಟ. ಗರ್ ಅಂತ ಒಂದು ಎಳೆತ.

"ಅಯ್ಯಯ್ಯೋ, ಸತ್ತೇ!"

ಹೆಂಡತಿ ಎಲ್ಲೋ ಜಾರಿ ಬಿದ್ದಳು ಅಂದುಕೊಂಡ. ತಿರುಗಿ ನೋಡಿದರೆ ದೇವೀರಮ್ಮ ರಾಗಿ ಕೇರ್ತಾ ಕೂತಿದ್ದಾಳೆ. ಇನ್ನೊಂದು ಎಳೆತ ಎಳೆದ. "ಅಯ್ಯೋ ಪಾಪಿ!" ಅಂತ ಕೂಗು ಬಂತು, ಜೊತೆಗೇ ಬೆರಳುದ್ದದ ಚಕ್ಕೆ ಸಿಡಿದು ಅವನ ಕಿವಿ ಪಕ್ಕದಲ್ಲೇ ಹೋಯ್ತು. ನೋಡ್ತಾನೆ, ಹಲಗೆ ಅಂಚು ನಾಯಿ ಕಚ್ಚಿದ ಹಾಗೆ ಕಿತ್ತುಹೋಗಿದೆ. ಸಿಬಿರು ಒಳಗೊಳಗೇ ಸೀಳಿ ಎರಡು ಬೆರಳು ಆಳಕ್ಕೆ ಹೋಗಿದೆ. ಅದನ್ನ ಯಾವ ಹತ್ತರಿ ನಯ ಮಾಡೀತು?

"ಯಾರವ್ವ ಅದು?" ಅಂದ.

"ಯಾರಾ? ನನ್ನ ಮನೆ ಉರುಳಿಸಿ, ನನ್ನ ಮೇಲೇ ಕಾಲಿಟ್ಕೊಂಡು, ಯಾರು ಅಂತೀಯಾ? ಕಾಲು ತೆಗಿಯೋ ಮೊದ್ಲು!" ಅಂತ ಹಲಗೆ ಮಾತಾಡಿತಂತೆ.

ಕೆಂಚಾಚಾರಿ ಕೆಂಡ ತುಳಿದವನ ಹಾಗೆ ಕಾಲು ತೆಗೆದ. ಮರದೊಳಗೆ ಒಬ್ಬಳು ಮುದುಕಿ ಇದ್ದಳು, ನೋಡಿ. ಗಾಳಿ ಅನ್ನಿ, ದೆವ್ವ ಅನ್ನಿ, ನಾವು ಹಲಸಿನಜ್ಜಿ ಅನ್ನೋಣ. ಐದೂ ಹಲಗೆಯಲ್ಲಿ ಕೈಕಾಲು ಚಾಚಿಕೊಂಡು ಮಲಗಿದ್ದಳು. ಅಜ್ಜಿಯ ತಲೆ ಇದ್ದದ್ದು ಈ ತಲೆಕಡೆಯ ಹಲಗೆಯಲ್ಲೇ.

"ತಪ್ಪಾಯ್ತು ಕಣವ್ವ. ಬೋರ ಹೇಳ್ತಾನೆ ಅನ್ಕೊಂಡೆ."

"ಅವ್ನು ನೀನು ಹೇಳ್ತೀಯ ಅನ್ಕೊಂಡ. ನಾನು ನಿಮ್ಮಿಬ್ರ ಮುಸುಡಿ ನೋಡ್ಕೊಂಡು ಕೂತಿದ್ದೆ, ಯಾರಾದ್ರೂ ಬಾಯಿ ಬಿಡ್ತಾರೇನೋ ಅಂತ."

"ಈಗ್ಲಾದ್ರೂ ಎದ್ದೋಗವ್ವ, ದಮ್ಮಯ್ಯ. ಒಳ್ಳೇ ಮರ ನಾನೇ ತೋರಿಸ್ತೀನಿ."

"ಯಾಕ್ ಹೋಗ್ಲಿ? ಹೊನ್ನಾಜಿ ಅಂಬೆಗಾಲಿಕ್ಕೋವಾಗಿಂದ ನನ್ನ ಬುಡದಲ್ಲೇ ಆಡಿದೋಳು. ಅವಳ ಕೂಸು ನೋಡ್ದೆ ನಾನು ಕದಲಲ್ಲ. ತೊಟ್ಲು ಮಾಡ್ಬೇಡ ಅಂತ ನಾನು ಅಂದ್ನಾ? ಮಾಡು. ನೋಯಿಸ್ದೆ ಮಾಡು. ನೋವಾದ್ರೆ ಮೈ ನಡುಗುತ್ತೆ, ಮೈ ನಡುಗಿದ್ರೆ ಸಿಬಿರು ಏಳುತ್ತೆ. ಅದು ನನ್ನ ಕೈಲಿಲ್ಲ ಕಣೋ."

"ಹಲಗೆ ಸೀಳೋವಾಗ ಸುಮ್ನಿದ್ಯಲ್ಲವ್ವ. ಆಗ್ಲೂ ಇದೇ ಗರಗಸ."

"ಆಗ ಉದ್ದಕ್ಕೆ ಕೊಯ್ದೆ. ಬೆನ್ನು ಕೆರೆದಂಗಿತ್ತು, ಹಾಯಾಗಿ ನಿದ್ದೆ ಹೋದೆ. ಈಗ ಅಡ್ಡ ಕೊಯ್ತಿದ್ದೀಯ. ನನ್ನ ನಾರೆಲ್ಲ ಉದ್ದಕ್ಕೆ ಅವೆ. ನಿನ್ನ ಆ ಹಾಳು ಹಲ್ಲು ನಾರು ಕತ್ತರಿಸಲ್ಲ, ಕಚ್ಕೊಂಡು ಕಿತ್ತು ಎಳೀತದೆ."

ಇದೇನು ಕೆಂಚಾಚಾರಿಗೆ ಗೊತ್ತಿಲ್ಲದ್ದಲ್ಲ. ಅಪ್ಪ ಹೇಳಿಕೊಟ್ಟದ್ದೇ. ಆದರೆ ಇಷ್ಟು ದಿನ ಕಿತ್ತ ಮರ ಯಾವುದೂ ಬಾಯಿ ಬಿಟ್ಟು ಅತ್ತಿರಲಿಲ್ಲ. ನಾಚಿಕೆಯಾಯ್ತಂತೆ ಅವನಿಗೆ. ಕೆಟ್ಟ ತುದಿ ತೆಗೆದುಹಾಕಲೇಬೇಕು ಅಂತ ಲೆಕ್ಕ ಹಾಕಿದ. ಹೆಚ್ಚಿಗೆ ಇದ್ದ ನಾಲ್ಕು ಬೆರಳಲ್ಲಿ ಎರಡು ಹೋಯ್ತು, ಎರಡು ಉಳೀತು.

ನಾಚಿಕೆ ಆದರೇನು, ಆತುರ ಹೋಗುತ್ತಾ? ದೊಡ್ಡ ಹಲ್ಲು ನೋಯುತ್ತೆ ಅಂದರೆ ಎಲ್ಲಕ್ಕಿಂತ ಸಣ್ಣ ಹಲ್ಲು ತಂದರಾಯ್ತು ಅಂದುಕೊಂಡ. ಪಕ್ಕದ ಬೀದಿಯಲ್ಲಿ ಕೊಂಬಿನ ಬಾಚಣಿಗೆ ಮಾಡೋ ಸಿದ್ದಯ್ಯ ಅಂತ ಇದ್ದ. ಓಡಿಹೋಗಿ ಅವನ ಗರಗಸ ಕೇಳಿ ತಂದ. ಅದರ ಹಲ್ಲು ರಾಗಿಕಾಳಿಗಿಂತ ಸಣ್ಣ, ಕಣ್ಣಿಗೆ ಕಾಣೋದೇ ಕಷ್ಟ. ಹಲಗೆಯ ಮೇಲಿಟ್ಟು ಮೆಲ್ಲಗೆ ಎಳೆದ.

"ಆಹಾ" ಅಂದಳಂತೆ ಅಜ್ಜಿ. "ಕಚಗುಳಿ ಇಟ್ಟಂಗದೆ. ನಡೀಲಿ."

ನಡೀತು. ಹುಲ್ಲುಕಡ್ಡಿಯಷ್ಟು ಆಳ ಹೋಯ್ತು, ಆಮೇಲೆ ನಿಂತಿತು. ಹಲಗೆ ದಪ್ಪ, ಹಲಸು ಗಟ್ಟಿ. ಕೊಯ್ದ ಪುಡಿಯೆಲ್ಲ ಆ ಪುಟ್ಟ ಹಲ್ಲಿನ ಸಂದಿಗೇ ಮೆತ್ತಿಕೊಂಡಿತು. ಎಳೆದರೆ ಜಾರುತ್ತೆ, ಕೊಯ್ಯೋದೇ ಇಲ್ಲ. ಕೆಂಚಾಚಾರಿ ಸುಮ್ಮನಿರಬೇಕಲ್ಲ! ಹಲ್ಲುಕಚ್ಚಿ ಒತ್ತಿ ಒತ್ತಿ ಎಳೆದ. ಗರಗಸ ಬಿಸಿಯಾಯ್ತು, ಹೊಗೆ ವಾಸನೆ ಬಂತು.

"ಉರಿ! ಉರಿಯೋ! ಸುಡ್ತಾ ಇದ್ದೀಯಲ್ಲೋ ನನ್ನ!"

ತೆಗೆದು ನೋಡಿದರೆ ಕೊಯ್ದ ಕಡೆ ಕಪ್ಪಗೆ ಸುಟ್ಟಿದೆ, ಗೆರೆ ಬಿಟ್ಟು ಸೊಟ್ಟ ಬೇರೆ ಹೋಗಿದೆ. ಇನ್ನೊಂದು ಬೆರಳು ಹೋಯ್ತು. ಉಳಿದದ್ದು ಒಂದು.

"ಬರೀ ಸಣ್ಣ ಹಲ್ಲಾದ್ರೆ ಸಾಕೇನೋ?" ಅಂತ ಅಜ್ಜಿ ಉರಿಯಲ್ಲೇ ಬೈದಳಂತೆ. "ಕೊಯ್ದ ಪುಡಿ ಆಚೆ ಹೋಗೋಕೆ ಜಾಗ ಬೇಡ್ವಾ? ಬಾಯ್ತುಂಬ ಮುದ್ದೆ ತುರುಕ್ಕೊಂಡು ನೀನು ಹಾಡು ಹೇಳ್ತೀಯಾ?"

ಕೆಂಚಾಚಾರಿ ತಲೆ ಮೇಲೆ ಕೈ ಹೊತ್ತು ಕೂತ. ಕಣ್ಮುಂದೆ ಹೊಳೆ ಕಾಣ್ತಾ ಇತ್ತಂತೆ ಅವನಿಗೆ, ಹೊಳೆಯಾಚೆ ದಡ ಕಾಣ್ತಾ ಇತ್ತಂತೆ, ಆ ದಡದಲ್ಲಿ ಬರಿಗೈಯಲ್ಲಿ ನಿಂತ ತಾನು ಕಾಣ್ತಾ ಇದ್ದನಂತೆ.

ದೇವೀರಮ್ಮ ಮೊರ ಪಕ್ಕಕ್ಕಿಟ್ಟು ಬಂದಳು. "ಅಲ್ರೀ, ಕೊಯ್ಸ್ಕೊಳೋಳು ಬಾಯಿ ಬಿಟ್ಟು ಮಾತಾಡ್ತಾ ಅವಳೆ. ಯಾವ ಗರಗಸ ಬೇಕು ಅಂತ ಅವಳನ್ನೇ ಒಂದು ಮಾತು ಕೇಳಬಾರ್ದಾ? ಮೂರು ಬೆರಳು ನಿಮ್ಮ ಆತುರಕ್ಕೆ ಹೋಯ್ತು. ಇದೊಂದ್ನಾದ್ರೂ ಕೇಳಿ ಕೊಯ್ರಿ."

"ನಿನ್ನ ಹೆಂಡ್ತೀಗೆ ಬುದ್ಧಿ ಅದೆ" ಅಂತು ಹಲಗೆ.

ಅಟ್ಟದಿಂದ ಅಪ್ಪನ ಕಾಲದ ಕಂತೆ ಇಳಿಸಿದರು. ಧೂಳು ಒರೆಸಿ, ಒಂದೊಂದೇ ಗರಗಸಾನ ಹಲಗೆಯ ಮೇಲೆ ಕೊಯ್ಯದೆ ಸುಮ್ಮನೆ ಮಲಗಿಸೋದು, ಅಜ್ಜಿ ಮೈಗೆ ತಾಗಿಸಿಕೊಂಡು ನೋಡಿ ಹೇಳೋದು.

"ಇದು ಹೆಂಗವ್ವ?"

"ಇದರ ಬೆನ್ನೇ ಬಾಗದೆ. ಗೆರೆ ಮೇಲೆ ಹೋಗಲ್ಲ."

"ಇದು?"

"ಇದಕ್ಕೆ ನಡುವೆ ಎರಡು ಹಲ್ಲು ಮುರಿದವೆ. ಅಲ್ಲಲ್ಲಿ ಎಗರುತ್ತೆ."

"ಇದು?"

"ತೆಗಿ ತೆಗಿ, ಇದು ನಿನ್ನ ದೊಡ್ಡದರ ತಮ್ಮ."

ಹೀಗೇ ಬೇಡ ಬೇಡ ಅಂತ ಕಂತೆ ಮುಗೀತಾ ಬಂತು. ಕೊನೆಗೆ ಅಗಲ ಕಡಿಮೆ ಇರೋ, ತೆಳ್ಳಗಿನ, ತುಕ್ಕು ಹಿಡಿದ ಒಂದು ಗರಗಸ ಉಳೀತು. ಅಪ್ಪ ದೇವರ ಮಂಟಪದ ಕೆಲಸಕ್ಕೆ ಮಾತ್ರ ಹಿಡೀತಿದ್ದದ್ದು. ಹಲ್ಲು ಅಕ್ಕಿಕಾಳಷ್ಟು. ಅದನ್ನೂ ಹಲಗೆಯ ಮೇಲೆ ಮಲಗಿಸಿದರು.

"ಹೂಂ" ಅಂದಳು ಅಜ್ಜಿ. "ಇದು ಆಗುತ್ತೆ. ಹಲ್ಲು ದೊಡ್ಡದೂ ಅಲ್ಲ, ತೀರಾ ಸಣ್ಣದೂ ಅಲ್ಲ. ಸಂದಿಯಲ್ಲಿ ಪುಡಿಗೆ ಜಾಗ ಅದೆ. ಆದ್ರೆ ತುದಿ ಮೊಂಡು. ಅರ ಹಾಕಿ ಚೂಪು ಮಾಡು. ನೇರಕ್ಕೆ ಉಜ್ಜಬೇಡ, ಓರೆಗೆ ಉಜ್ಜು. ಒಂದು ಹಲ್ಲಿನ ಮೊನೆ ಈ ಕಡೆಗೆ ಚೂರಿ ಆಗ್ಬೇಕು, ಮುಂದಿನ ಹಲ್ಲಿನದು ಆ ಕಡೆಗೆ. ಆಗ ನಾರನ್ನ ಎರಡೂ ಕಡೆಯಿಂದ ಕತ್ತರಿಸ್ಕೊಂಡು ಹೋಗುತ್ತೆ, ಕೀಳಲ್ಲ."

ಕೆಂಚಾಚಾರಿ ಅರ ಹಿಡಿದು ಕೂತ. ಒಂದು ಹಲ್ಲು ಈ ಕಡೆ, ಒಂದು ಹಲ್ಲು ಆ ಕಡೆ. ಅರಮನೆಯಿಂದ ಆಳು ಬಂದು, "ಹಬ್ಬ ಹತ್ರ ಬಂತು ಆಚಾರ್ರೆ" ಅಂತ ಎಚ್ಚರಿಸಿ ಹೋದ. ಕೆಂಚಾಚಾರಿಯ ಕೈ ಆಗಲೇ ಗರಗಸ ಎತ್ತಿತ್ತು. "ಕೂರು" ಅಂದಳು ಅಜ್ಜಿ. ಕೂತ. ಅರ್ಧ ಆದಾಗ, "ಸಾಕೇನವ್ವ?" ಅಂದ. "ಇನ್ನರ್ಧ ನಿಮ್ಮಪ್ಪ ಬಂದು ಹಾಕ್ತಾನಾ?" ಅಂದಳು. ಮತ್ತೆ ಕೂತ. ಒಂದು ಈ ಕಡೆ, ಒಂದು ಆ ಕಡೆ. ಅರದ ಸದ್ದು ಕೇಳ್ತಾ ಕೇಳ್ತಾ ಅವನ ಮೈಯ ಆತುರ ಎಲ್ಲ ಬೆರಳಿಂದ ಇಳಿದು ಹೋಯ್ತಂತೆ. ಜೀವಮಾನದಲ್ಲಿ ಮೊದಲನೇ ಸಲ, ಕೆಲಸ ಯಾವಾಗ ಮುಗಿಯುತ್ತೆ ಅಂತ ಅವನು ಯೋಚಿಸಲಿಲ್ಲ. ಎಷ್ಟು ಹಾಯಾಗಿದೆಯಲ್ಲ ಅಂತ ಅವನಿಗೇ ಆಶ್ಚರ್ಯ ಆಯ್ತಂತೆ.

ಹಲ್ಲುಗಳನ್ನ ಕೂದಲೆಳೆಯಷ್ಟು ಎಡಕ್ಕೆ ಬಲಕ್ಕೆ ಬಗ್ಗಿಸಿದ, ಗರಗಸ ಮರದೊಳಗೆ ಸಿಕ್ಕಿಕೊಳ್ಳಬಾರದು ಅಂತ. ಜಾಸ್ತಿ ಬಗ್ಗಿಸಲಿಲ್ಲ, ಗಾಯ ಅಗಲ ಆಗಬಾರದು ಅಂತ. ತುಕ್ಕು ಉಜ್ಜಿ ತೆಗೆದು, ಎರಡೂ ಮೈಗೆ ಜೇನುಮೇಣ ಸವರಿದ.

ಈಗ ಉಳಿದಿದ್ದ ಒಂದು ಬೆರಳಿನ ಮೇಲೆ ಗೆರೆ ಹಾಕಬೇಕು. ಮಸಿಯಲ್ಲಿ ಹಾಕಲಿಲ್ಲ. ಚೂಪಾದ ಚೂರಿಯಲ್ಲಿ ಮೇಲಿನ ನಾರು ಕತ್ತರಿಸೋ ಹಾಗೆ ಗೀರಿದ. ಹಲಗೆ ಕೆಳಗೆ ಇನ್ನೊಂದು ಹಾಳು ಹಲಗೆ ಕೊಟ್ಟು ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದ. ಗರಗಸ ಕೆಳಗೆ ಹೊರಬೀಳೋ ಕಡೆಯೇ ಸಿಬಿರು ಏಳೋದು, ನೋಡಿ. ಕೆಳಗೆ ಆನಿಕೆ ಇದ್ದರೆ ನಾರಿಗೆ ಸಿಡಿದು ಹೋಗೋಕೆ ಜಾಗ ಇರಲ್ಲ. ಕಾಲು ಇಡೋ ಮುಂಚೆ, "ಕಾಲಿಡ್ತೀನಿ ಕಣವ್ವ, ತಪ್ಪು ತಿಳೀಬ್ಯಾಡ" ಅಂದ. "ಇಡು ಮಗಾ" ಅಂದಳಂತೆ ಅಜ್ಜಿ.

ಗರಗಸ ಇಟ್ಟ. ಒತ್ತಲಿಲ್ಲ. ಅದರ ಭಾರಕ್ಕೆ ಅದನ್ನೇ ಬಿಟ್ಟ. ಸುಯ್ಯೋ, ಸುಯ್ಯೋ. ಪುಡಿ ಸಣ್ಣ ರವೆಯ ಹಾಗೆ ಉದುರ್ತಾ ಬಂತು. ಸುಯ್ಯೋ, ಸುಯ್ಯೋ. ಅಜ್ಜಿ ಕೂಗಲಿಲ್ಲ. ಅರ್ಧ ಆಯ್ತು, ಅಜ್ಜಿ ಮಾತಿಲ್ಲ. ಮುಕ್ಕಾಲು ಆಯ್ತು, ಆಗಲೂ ಮಾತಿಲ್ಲ. ಕೆಂಚಾಚಾರಿಗೆ ಗಾಬರಿ. "ಅವ್ವ? ಇದ್ದೀಯೇನವ್ವ?" ಅಂತ ಕಿವಿಯಿಟ್ಟರೆ, ಒಳಗಿಂದ ಗೊರ್ ಅಂತ ಗೊರಕೆ ಕೇಳ್ತಾ ಇದೆ! ಕೊನೆಯಲ್ಲಿ ತುಂಡು ತನ್ನ ಭಾರಕ್ಕೆ ಮುರಿದು ನಾರು ಕಿತ್ತುಕೊಳ್ಳಬಾರದು ಅಂತ ದೇವೀರಮ್ಮ ಅದನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸುಯ್ಯೋ, ಸುಯ್ಯೋ, ಮುಗೀತು. ತುಂಡು ಅವಳ ಕೈಗೆ ಬಂತು.

ಕೆಂಚಾಚಾರಿ ಕಣ್ಣು ಮುಚ್ಚಿಕೊಂಡ. "ನೀನೇ ಮುಟ್ಟಿ ನೋಡೇ, ನನ್ನ ಕೈಲಾಗಲ್ಲ" ಅಂದ. ದೇವೀರಮ್ಮ ಅಂಚಿನ ಮೇಲೆ ಅಂಗೈ ಎಳೆದಳು. ಗಂಡನ ಕೈ ಹಿಡಿದು ಅದರ ಮೇಲಿಟ್ಟಳು. ಒಂದು ನಾರೂ ಎದ್ದಿರಲಿಲ್ಲ. ಆ ಮನುಷ್ಯ ಅಲ್ಲೇ ಕೂತು ಮಗುವಿನ ಹಾಗೆ ಅತ್ತುಬಿಟ್ಟನಂತೆ.

ಉಳಿದ ನಾಲ್ಕು ಹಲಗೇನೂ ಹಾಗೇ ಕೊಯ್ದ. ತೊಟ್ಟಿಲು ಆಯ್ತು. ಹಬ್ಬದ ದಿನ ಹೊತ್ತುಕೊಂಡು ಅರಮನೆಗೆ ಹೋದ. ಮಗು ಕಿರುಚ್ತಾ ಇತ್ತು, ದೊರೆ ಪೇಟ ಓರೆಯಾಗಿ, ಕಣ್ಣು ಕೆಂಪಾಗಿ, ಆಕಳಿಸ್ತಾ ಕೂತಿದ್ದ. "ನೋಡಿ ಅದನ್ನ" ಅಂದ. ಸೂಲಗಿತ್ತಿ ಚೌಡವ್ವ ಒಂದು ಹಿಡಿ ಅರಳೆ ತಂದಳು. ಸಿಬಿರು ಇದ್ದರೆ ಅರಳೆಯ ಎಳೆ ಸಿಕ್ಕಿಕೊಳ್ಳುತ್ತೆ ಅಂತ. ತಲೆಕಡೆಯ ಅಂಚಿನ ಮೇಲೆ ಎಳೆದಳು. ಸಿಕ್ಕಲಿಲ್ಲ. ಮಗ್ಗುಲಿನ ಅಂಚಿನ ಮೇಲೆ ಎಳೆದಳು. ಸಿಕ್ಕಲಿಲ್ಲ. ಕಾಲುಕಡೆ ಬಂದಾಗ ಕೆಂಚಾಚಾರಿಯ ಎದೆ ಬಡಿತ ಬಾಗಿಲು ಕಾಯೋನಿಗೂ ಕೇಳಿಸಿತಂತೆ. ಅಲ್ಲೂ ಸಿಕ್ಕಲಿಲ್ಲ. ಅರಳೆ ಹೇಗೆ ಹೋಗಿತ್ತೋ ಹಾಗೇ ವಾಪಸು ಬಂತು.

ಹೊನ್ನಾಜಿ ಕೂಸನ್ನ ತಂದು ಮಲಗಿಸಿದಳು. ತೂಗೋಕೆ ಅಂತ ಬಗ್ಗಿದವಳು ತಲೆಕಡೆಯ ಹಲಗೆಗೆ ಕೆನ್ನೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಳು. ಒಳಗೆ ಯಾರೋ ನಿದ್ದೆಗಣ್ಣಲ್ಲಿ ಗುನುಗ್ತಾ ಇದ್ದಾರೆ. ತವರಿನ ಹಿತ್ತಲಲ್ಲಿ, ಹಲಸಿನ ಬುಡದಲ್ಲಿ, ಚಿಕ್ಕಂದಿನಲ್ಲಿ ಕೇಳಿದ್ದೇ ಗುನುಗು. ಅವಳ ಕಣ್ಣಲ್ಲಿ ನೀರು ಬಂತು. ಕೂಸಿನ ಬಾಯಿ ಕಿರುಚೋಕೆ ಅಂತ ತೆರೆದಿದ್ದದ್ದು ಹಾಗೇ ಆಕಳಿಕೆಯಾಯ್ತು. ಆಕಳಿಸಿ, ಮುಷ್ಟಿ ಸಡಿಲಿಸಿ, ನಿದ್ದೆ ಹೋಯ್ತು.

ಅರಮನೆಯಲ್ಲಿ ಸದ್ದೇ ಇಲ್ಲ. ಕೆಂಚಾಚಾರಿ ಕೈಕಟ್ಟಿ ನಿಂತೇ ಇದ್ದಾನೆ, ದೊರೆ ಏನಂತಾನೋ ಅಂತ. ದೊರೆ ಏನೂ ಅನ್ನಲ್ಲ. ಹೊಳೆ ದಾಟು ಅನ್ನಲ್ಲ, ಇರು ಅಂತಲೂ ಅನ್ನಲ್ಲ. ಕೊನೆಗೆ ಮೆಲ್ಲಗೆ, "ಬುದ್ಧೀ, ನನ್ನ ಗತಿ ಏನು?" ಅಂದ.

ಹೊನ್ನಾಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳಂತೆ. "ಮೆಲ್ಲಗೆ ಮಾತಾಡಿ ಆಚಾರ್ರೆ. ಮಾವನೋರು ಆಗ್ಲೇ ಗೊರಕೆ ಹೊಡೀತಾ ಅವ್ರೆ. ಇದಕ್ಕಿಂತ ಇನ್ನೇನು ಅಪ್ಪಣೆ ಬೇಕು? ಮನೆಗೆ ಹೋಗಿ."

ಹೋದ. ಓಡಲಿಲ್ಲ, ನಡೆದುಕೊಂಡೇ ಹೋದ. ದಾರಿಯಲ್ಲಿ ಸಿಕ್ಕ ಬೋರನಿಗೆ, "ಮುಂದಿನ ಸಲ ಇಬ್ರೂ ಹೇಳೋಣ ಕಣೋ" ಅಂದ. ಬೋರನಿಗೆ ತಲೆಬುಡ ಅರ್ಥವಾಗಲಿಲ್ಲವಂತೆ.

ಮನೆ ಬಾಗಿಲಲ್ಲಿ ಒಂದು ಗಂಟು ಇತ್ತು. ಹಳೇ ಸೀರೆಯಲ್ಲಿ ಪಾತ್ರೆ, ಕಂಬಳಿ, ಅಕ್ಕಿ, ಎಲ್ಲ ಕಟ್ಟಿ, ದೇವೀರಮ್ಮ ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಳು. ಹೊಳೆ ದಾಟೋಕೆ ತಯಾರಾಗಿ. ಗಂಡನ ಮುಖ ನೋಡಿದಳು.

"ಗಂಟು ಬಿಚ್ಚೇ" ಅಂದ ಕೆಂಚಾಚಾರಿ. "ಹಸಿವಾಗ್ತಾ ಅದೆ."

ದೇವೀರಮ್ಮ ಒಂದು ದೊಡ್ಡ ಉಸಿರು ಬಿಟ್ಟಳು ನೋಡಿ, ಆ ಉಸಿರಿಗೆ ಅಂಗಳದ ರಾಗಿಹೊಟ್ಟು ಎಲ್ಲ ಹಾರಿತಂತೆ. ಗಂಟು ಬಿಚ್ಚಿ, ಅಕ್ಕಿ ಮೊರಕ್ಕೆ ಸುರಿದಳು. ಅಕ್ಕಿಯ ಒಳಗಿಂದ ಠಣ್ ಅಂತ ಏನೋ ಬಿತ್ತು. ಏನು? ಅಪ್ಪನ ಬಾಚಿ! ಉಳಿ ಬಾಚಿ ಬಿಟ್ಟು ಹೋಗಬೇಕು ಅಂತ ದೊರೆ ಹೇಳಿದ್ದನಲ್ಲ, ಅದಕ್ಕೇ ಅಕ್ಕಿಯೊಳಗೆ ಹೂತು ಕದ್ದು ಒಯ್ಯೋಕೆ ಇಟ್ಟಿದ್ದಳು.

"ಸಿಕ್ಕಿಬಿದ್ದಿದ್ರೆ ಕತ್ತು ಹೋಗೋದಲ್ಲೇ!" ಅಂದ ಕೆಂಚಾಚಾರಿ.

"ಬಾಚಿ ಇಲ್ದೆ ನೀವು ಬದುಕ್ತಿದ್ರಾ?" ಅಂದಳು ದೇವೀರಮ್ಮ, ಅನ್ನಕ್ಕೆ ಎಸರಿಡ್ತಾ.

ಅವನು ಬಾಚಿ ತೊಡೆಯ ಮೇಲಿಟ್ಟುಕೊಂಡು, ಅನ್ನ ಪೂರ್ತಿ ಬೇಯೋವರೆಗೂ ಎಲೆ ಹಾಕದೆ ಅವಳ ಪಕ್ಕದಲ್ಲಿ ಕೂತಿದ್ದನಂತೆ.

ತೊಟ್ಟಿಲು ಅಲ್ಲಿ ತೂಗಲಿ, ಅಜ್ಜಿ ಅಲ್ಲಿ ಗೊರಕೆ ಹೊಡೀಲಿ, ಕಥೆ ಹೇಳಿದೋರಿಗೆ ಇಲ್ಲಿ ಒಂದು ಎಲೆ ಅಡಿಕೆ ಬರಲಿ.